ಮೊದಲು ಯಾವ ದೂರು, ಆಮೇಲೆ ಯಾವುದು?

ಓದುಗರ ಪತ್ರ: ಕಾಸರಗೋಡು ಪೇಟೆಯ ಒಂದು ಖಾಸಗಿ ಸಂಸ್ಥೆಯಲ್ಲಿ ನಾಲ್ಕು ವರ್ಷದಿಂದ ಲೆಕ್ಕಪತ್ರದ ಕೆಲಸದಲ್ಲಿದ್ದೆ. ಅಲ್ಲಿ ಒಟ್ಟು 22 ಜನ. ಹೊಸ ಮ್ಯಾನೇಜರ್ ಬಂದ ಮೇಲೆ ರಾತ್ರಿ ಹೊತ್ತು ಬೇಡದ ಮೆಸೇಜುಗಳು ಬರತೊಡಗಿದವು, ಎರಡು ಸಲ ಮೈಮುಟ್ಟಿದ್ದೂ ಉಂಟು. ಕೊನೆಯ ಮೆಸೇಜ್ ಬಂದದ್ದು ಆಗಸ್ಟ್ 14ಕ್ಕೆ. ಮಾಲೀಕರಿಗೆ ಬಾಯಿಮಾತಿನಲ್ಲಿ ಹೇಳಿದಾಗ "ಹೊಂದಿಕೊಂಡು ಹೋಗಿ" ಎಂದರು. ಆಗಸ್ಟ್ 26ಕ್ಕೆ ಮ್ಯಾನೇಜರ್ ಆಫೀಸಿನ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ "38,000 ಕ್ಯಾಶ್ ಕಾಣುವುದಿಲ್ಲ, ಕ್ಯಾಶ್ ಯಾರ ಕೈಯಲ್ಲಿತ್ತೋ ಅವರನ್ನೇ ಕೇಳಬೇಕು" ಎಂದು ಹಾಕಿದರು. ತಿಂಗಳ ಕೊನೆಗೆ ನನ್ನಿಂದ ರಾಜೀನಾಮೆ ಬರೆಸಿಕೊಂಡರು, ರಿಲೀವಿಂಗ್ ಲೆಟರ್ ಕೊಡಲಿಲ್ಲ. ಮಂಗಳೂರಿನ ಒಂದು ಕಂಪೆನಿ ಕೊಟ್ಟಿದ್ದ ಆಫರ್, ಇಲ್ಲಿಂದ ಹೋದ ಒಂದು ಫೋನ್ ಕರೆಯ ನಂತರ ರದ್ದಾಯಿತು. ಪರಿಚಯದ ವಕೀಲರು ಹತ್ತು ಲಕ್ಷಕ್ಕೆ ಮಾನನಷ್ಟ ಕೇಸು ಹಾಕೋಣ ಎನ್ನುತ್ತಾರೆ. ಕೇಸು ಹಾಕಿದರೆ ಹೆಸರು ಇನ್ನಷ್ಟು ಕೆಡುತ್ತದೆ ಎಂದು ಅಣ್ಣ ಬೇಡ ಎನ್ನುತ್ತಾನೆ. ನನಗೆ ಮಲಯಾಳ ಬರೆಯಲು ಬರುವುದಿಲ್ಲ. ಏನು ಮಾಡಲಿ?
— ಹೆಸರು ಬೇಡ, ಕುಂಬಳೆ

ಸಂಪಾದಕರ ಉತ್ತರ: ನಿಮ್ಮ ಪತ್ರ ನಮಗೆ ತಲುಪಿದ್ದು ಅಕ್ಟೋಬರ್ 20ಕ್ಕೆ. ಅದನ್ನು ಓದಿ ಮೊದಲು ನೋಡಿದ್ದು ಕ್ಯಾಲೆಂಡರನ್ನು. ನಿಮಗೆ ಆದ ಅನ್ಯಾಯ ಎರಡು, ಎರಡಕ್ಕೂ ಗಡುವು ಬೇರೆ. ಮಾನನಷ್ಟದ ಸಿವಿಲ್ ದಾವೆಗೆ ಒಂದು ವರ್ಷ ಸಮಯವಿದೆ. ಲೈಂಗಿಕ ಕಿರುಕುಳದ ದೂರಿಗೆ ಇರುವುದು ಕೊನೆಯ ಘಟನೆಯಿಂದ ಮೂರು ತಿಂಗಳು ಮಾತ್ರ. ಆಗಸ್ಟ್ 14ರಿಂದ ಲೆಕ್ಕ ಹಾಕಿದರೆ ನವೆಂಬರ್ 13ರೊಳಗೆ ಲಿಖಿತ ದೂರು ಸೇರಬೇಕಾದಲ್ಲಿಗೆ ಸೇರಿರಬೇಕು. ವಕೀಲರು ಹೇಳಿದ ಹತ್ತು ಲಕ್ಷದ ಮಾತು ಅಲ್ಲಿಯವರೆಗೆ ಬದಿಗಿರಲಿ.

ಫೋನ್ ಕರೆಯೂ ಕಿರುಕುಳದ ಮುಂದುವರಿಕೆಯಲ್ಲವೇ, ಅಲ್ಲಿಂದ ಮೂರು ತಿಂಗಳು ಎಣಿಸಬಾರದೇ ಎಂದು ಯಾರಾದರೂ ಹೇಳಬಹುದು. ಆ ವಾದವನ್ನು ದೂರಿನಲ್ಲಿ ಬರೆಯಿರಿ, ಆದರೆ ಅದನ್ನೇ ನಂಬಿ ಕೂರಬೇಡಿ. ಪಶ್ಚಿಮ ಬಂಗಾಳದ ಕಾನೂನು ವಿಶ್ವವಿದ್ಯಾಲಯವೊಂದರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2025ರ ಸೆಪ್ಟೆಂಬರ್‌ನಲ್ಲಿ, ಕಿರುಕುಳದ ನಂತರ ಬಂದ ಆಡಳಿತಾತ್ಮಕ ಕ್ರಮಗಳಿಂದ ಈ ಗಡುವು ಮುಂದೆ ಹೋಗುವುದಿಲ್ಲ ಎಂದಿತು. ಗಡುವು ಮೀರಿದವರಿಗೆ ದೂರು ವಿಚಾರಿಸುವ ಸಮಿತಿ ಇನ್ನೂ ಮೂರು ತಿಂಗಳು ಕೊಡಬಹುದು, ಆದರೆ ತಡವಾದ ಕಾರಣ ಅದಕ್ಕೆ ಒಪ್ಪಿಗೆಯಾಗಬೇಕು. ನಿಮಗೆ ಇನ್ನೂ ದಿನ ಉಳಿದಿರುವಾಗ ಆ ದಾರಿ ಬೇಡ.

ರಾಜೀನಾಮೆ ಕೊಟ್ಟಾಯಿತಲ್ಲ ಎಂಬ ಅಳುಕೂ ಬೇಡ. ಕೆಲಸದ ಜಾಗದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯಲ್ಲಿ ನೊಂದ ಮಹಿಳೆ ಈಗ ಉದ್ಯೋಗದಲ್ಲಿದ್ದಾಳೋ ಇಲ್ಲವೋ ಎಂಬ ಪ್ರಶ್ನೆಯೇ ಬರುವುದಿಲ್ಲ.

ದೂರು ಯಾರಿಗೆ? 10 ಅಥವಾ ಹೆಚ್ಚು ಜನ ದುಡಿಯುವ ಕಡೆ ಇಂಥ ದೂರು ವಿಚಾರಿಸಲು ಆಂತರಿಕ ಸಮಿತಿ ಇರಲೇಬೇಕು. ಇಲ್ಲದಿದ್ದರೆ ಮಾಲೀಕರಿಗೆ 50,000 ರೂಪಾಯಿವರೆಗೆ ದಂಡವಿದೆ. ನಿಮ್ಮ ಪತ್ರದಲ್ಲಿ ಸಮಿತಿಯ ಸುದ್ದಿಯೇ ಇಲ್ಲ, ಬಹುಶಃ ಸಮಿತಿಯೂ ಇಲ್ಲ. ಆದರೂ "ಅಧ್ಯಕ್ಷರು, ಆಂತರಿಕ ಸಮಿತಿ" ಎಂದು ಬರೆದು ಸಂಸ್ಥೆಯ ವಿಳಾಸಕ್ಕೆ ಸ್ಪೀಡ್ ಪೋಸ್ಟ್ ಮಾಡಿ. ಅದೇ ದಿನ ಇನ್ನೊಂದು ಪ್ರತಿಯನ್ನು ವಿದ್ಯಾನಗರದ ಸಿವಿಲ್ ಸ್ಟೇಷನ್ನಿಗೆ ಹೋಗಿ, ಜಿಲ್ಲೆಯ ಸ್ಥಳೀಯ ಸಮಿತಿಗೆಂದು ಕೊಟ್ಟು ಸೀಲು ಹಾಕಿಸಿಕೊಳ್ಳಿ. ಕೇಂದ್ರ ಸರಕಾರದ ಶಿ-ಬಾಕ್ಸ್ ಜಾಲತಾಣದಲ್ಲೂ ದಾಖಲಿಸಿ. ಮೂರೂ ಕಡೆ ಒಂದೇ ದೂರು, ಅಕ್ಷರಕ್ಕೆ ಅಕ್ಷರ. ಒಂದರಲ್ಲಿ ಇರುವುದು ಇನ್ನೊಂದರಲ್ಲಿ ಇಲ್ಲದಿದ್ದರೆ ಪಾಟೀಸವಾಲಿನಲ್ಲಿ ಅದನ್ನೇ ಹಿಡಿಯುತ್ತಾರೆ.

ನಿಯಮದ ಪ್ರಕಾರ ದೂರಿನ ಆರು ಪ್ರತಿ ಬೇಕು. ಜೊತೆಗೆ ದಾಖಲೆಗಳು, ಸಾಕ್ಷಿಗಳ ಹೆಸರು ಮತ್ತು ವಿಳಾಸ. ಬರೆಯುವ ರೀತಿಯಲ್ಲೇ ಹೆಚ್ಚಿನವರು ಸೋಲುತ್ತಾರೆ. "ಅವರು ನನಗೆ ಮಾನಸಿಕವಾಗಿ ತುಂಬಾ ಹಿಂಸೆ ಕೊಟ್ಟರು" ಎಂಬ ವಾಕ್ಯ ನಿಮ್ಮ ಮಟ್ಟಿಗೆ ನಿಜ, ಆದರೆ ಸಮಿತಿ ಅದನ್ನಿಟ್ಟುಕೊಂಡು ಏನನ್ನೂ ಮಾಡಲಾರದು. ಹೀಗೆ ಬರೆಯಿರಿ: "ಜುಲೈ 9ರಂದು ಸಂಜೆ ಸುಮಾರು 5.40ಕ್ಕೆ, ನಾನು ಕ್ಯಾಶ್ ಕೌಂಟರಿನ ಹಿಂದೆ ವೋಚರ್ ಜೋಡಿಸುತ್ತಿದ್ದಾಗ, ಅವರು ಹಿಂದಿನಿಂದ ಬಂದು ಎಡಭುಜದ ಮೇಲೆ ಕೈಯಿಟ್ಟು ತೆಗೆಯಲಿಲ್ಲ. ನಾನು ಎದ್ದು ನಿಂತೆ. ಆಗ ಪಕ್ಕದ ಮೇಜಿನಲ್ಲಿ ಇಂಥವರು ಇದ್ದರು." ದಿನ, ಹೊತ್ತು, ಜಾಗ, ಅವರು ಮಾಡಿದ್ದು, ನೀವು ಮಾಡಿದ್ದು, ನೋಡಿದವರು. ದಿನಾಂಕ ನೆನಪಿಲ್ಲದಿದ್ದರೆ "ಜುಲೈ ಎರಡನೇ ವಾರ" ಎನ್ನಿ, ಊಹಿಸಿ ತಾರೀಕು ಹಾಕಬೇಡಿ. ಮಾಲೀಕರಿಗೆ ಹೇಳಿದ ದಿನವನ್ನೂ ಅವರ ಉತ್ತರವನ್ನೂ ಬಿಡಬೇಡಿ. ಆಮೇಲೆ ಬಂದ 38,000ದ ಆರೋಪವನ್ನು ಅದೇ ಸಾಲಿನ ಮುಂದುವರಿಕೆಯಾಗಿ ಬರೆಯಿರಿ. ಕೆಲಸಕ್ಕೆ ಕುತ್ತು ತರುವ ಬೆದರಿಕೆ, ಬಾಯಿಬಿಟ್ಟು ಹೇಳದೆ ನಡತೆಯಲ್ಲಿ ತೋರಿಸಿದರೂ, ಕಿರುಕುಳದ ವ್ಯಾಖ್ಯೆಯೊಳಗೆ ಬರುತ್ತದೆ.

ದೂರು ತಲುಪಿ ಏಳು ಕೆಲಸದ ದಿನಗಳಲ್ಲಿ ಪ್ರತಿ ಮ್ಯಾನೇಜರ್ ಕೈಗೆ ಹೋಗಬೇಕು. ಅವರು ಹತ್ತು ಕೆಲಸದ ದಿನಗಳಲ್ಲಿ ಉತ್ತರಿಸಬೇಕು. ವಿಚಾರಣೆ 90 ದಿನದಲ್ಲಿ ಮುಗಿಯಬೇಕು, ವರದಿಗೆ ಮತ್ತೆ ಹತ್ತು ದಿನ. ವಕೀಲರಿಗೆ ಅಲ್ಲಿ ಪ್ರವೇಶವಿಲ್ಲ, ಆದ್ದರಿಂದ ಮಾತು ನೀವೇ ಆಡಬೇಕು. ಸಕಾರಣವಿಲ್ಲದೆ ಮೂರು ವಿಚಾರಣೆ ಸತತ ತಪ್ಪಿಸಿಕೊಂಡರೆ ದೂರು ಅಲ್ಲಿಗೇ ಮುಚ್ಚಬಹುದು. ದೂರು ಬಂದ ಮೇಲೆ ಅವಸರದಲ್ಲಿ ಸಮಿತಿ ಹುಟ್ಟಿಸುವವರಿದ್ದಾರೆ. ಅದರ ಅಧ್ಯಕ್ಷೆ ಅಲ್ಲೇ ಕೆಲಸ ಮಾಡುವ ಹಿರಿಯ ಮಹಿಳೆಯಾಗಿರಬೇಕು, ಅರ್ಧಕ್ಕೆ ಕಡಿಮೆಯಿಲ್ಲದಷ್ಟು ಮಹಿಳೆಯರಿರಬೇಕು, ಹೊರಗಿನ ಸದಸ್ಯರೊಬ್ಬರು ಇರಲೇಬೇಕು. ಮಾಲೀಕರ ಮನೆಯವರನ್ನು ಕೂರಿಸಿದ್ದರೆ ಮೊದಲ ದಿನವೇ ಆಕ್ಷೇಪವನ್ನು ಬರೆದುಕೊಡಿ. ವಿಚಾರಣೆ ಮುಗಿದ ಮೇಲೆ ಹೇಳಿದರೆ ಸೋತದ್ದಕ್ಕೆ ಹೇಳುತ್ತಿದ್ದಾರೆ ಎನ್ನುತ್ತಾರೆ.

"ಐವತ್ತು ಸಾವಿರ ಕೊಡುತ್ತೇವೆ, ಬಿಟ್ಟುಬಿಡಿ" ಎಂಬ ಮಾತು ಬಂದೇ ಬರುತ್ತದೆ. ರಾಜಿ ನೀವು ಕೇಳಿದರೆ ಮಾತ್ರ, ಅದೂ ಹಣದ ಆಧಾರದ ಮೇಲೆ ಆಗಕೂಡದು ಎಂದು ಕಾಯ್ದೆಯೇ ಹೇಳುತ್ತದೆ. ರಾಜಿಗೆ ಸಹಿಯಾದರೆ ವಿಚಾರಣೆ ಅಲ್ಲಿಗೆ ನಿಂತಿತು. ದೂರು ಸಾಬೀತಾಗದಿದ್ದರೆ ನಿಮಗೇ ಶಿಕ್ಷೆ ಎಂದು ಹೆದರಿಸಿದರೆ ನಂಬಬೇಡಿ. ಸಾಬೀತು ಮಾಡಲಾಗದಿರುವುದೂ ಬೇಕೆಂದೇ ಸುಳ್ಳು ದೂರು ಕೊಡುವುದೂ ಒಂದಲ್ಲ ಎಂದು ಅದೇ ಕಾಯ್ದೆಯಲ್ಲಿ ಬರೆದಿದೆ.

ಇದಲ್ಲದೆ ಪೊಲೀಸ್ ದೂರಿನ ದಾರಿಯೂ ಇದೆ. ಬೇಡವೆಂದರೂ ಮೈಮುಟ್ಟುವುದು ಭಾರತೀಯ ನ್ಯಾಯ ಸಂಹಿತೆಯ 75ನೇ ಕಲಮಿನಲ್ಲಿ ಬರುತ್ತದೆ, ಶಿಕ್ಷೆ ಮೂರು ವರ್ಷದವರೆಗೆ. ಸಮಿತಿಯ ಮುಂದೆ ದೂರಿದೆಯೆಂದು ಪೊಲೀಸರು ಹಿಂದೆ ಕಳಿಸುವಂತಿಲ್ಲ. ಯಾವ ಠಾಣೆಯಲ್ಲಾದರೂ ಮಾಹಿತಿ ಕೊಡಬಹುದು.

ಇನ್ನು ಫೋನಿನ ವಿಷಯ. ಇದನ್ನು ನಿಧಾನಕ್ಕೆ ಓದಿ. ಆ ಫೋನನ್ನು ಮಾರಬೇಡಿ, ರೀಸೆಟ್ ಮಾಡಬೇಡಿ, ವಾಟ್ಸ್‌ಆ್ಯಪ್ ತೆಗೆದು ಮತ್ತೆ ಹಾಕಬೇಡಿ. ಗ್ರೂಪಿನಿಂದ ನಿಮ್ಮನ್ನು ತೆಗೆದಿದ್ದರೂ, ಆ ಚಾಟ್ ನೀವು ಡಿಲೀಟ್ ಮಾಡದಿದ್ದರೆ, ತೆಗೆದ ದಿನದವರೆಗಿನ ಸಂದೇಶಗಳು ನಿಮ್ಮ ಫೋನಿನಲ್ಲಿ ಇರುತ್ತವೆ. ಬರೀ ಸ್ಕ್ರೀನ್‌ಶಾಟ್ ಸಾಲದು. ಮೇಲೆ "ಮ್ಯಾನೇಜರ್" ಎಂದು ನೀವೇ ಸೇವ್ ಮಾಡಿದ ಹೆಸರು ಕಂಡರೆ ಅದು ಯಾರ ನಂಬರ್ ಎಂಬ ಪ್ರಶ್ನೆ ಬರುತ್ತದೆ. ಕಾಂಟ್ಯಾಕ್ಟ್ ತೆರೆದು ನಂಬರ್ ಕಾಣುವಂತೆ ಇನ್ನೊಂದು ಚಿತ್ರ ತೆಗೆಯಿರಿ, ಗ್ರೂಪಿನ ಸದಸ್ಯರ ಪಟ್ಟಿ ಕಾಣುತ್ತಿದ್ದರೆ ಅದರ ಚಿತ್ರವನ್ನೂ ತೆಗೆಯಿರಿ. ಆಮೇಲೆ ಪೂರ್ತಿ ಚಾಟನ್ನು ಎಕ್ಸ್‌ಪೋರ್ಟ್ ಮಾಡಿ ನಿಮ್ಮದೇ ಇಮೇಲ್‌ಗೆ ಕಳಿಸಿ. ನಿಮಗೆ ಒಪ್ಪದ ನಿಮ್ಮದೇ ಉತ್ತರಗಳಿದ್ದರೂ ಕತ್ತರಿಸಬೇಡಿ. ಅರ್ಧ ಚಾಟ್ ಕೊಟ್ಟವರ ಇಡೀ ಚಾಟನ್ನೇ ಅನುಮಾನಿಸುತ್ತಾರೆ. ಕೋರ್ಟಿಗೆ ಹೋಗುವಾಗ 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಬೇಕು. ಅದರಲ್ಲಿ ಎರಡು ಭಾಗ: ಒಂದಕ್ಕೆ ನಿಮ್ಮ ಸಹಿ, ಇನ್ನೊಂದಕ್ಕೆ ತಜ್ಞರ ಸಹಿ. ಕಡತ ಬದಲಾಗಿಲ್ಲವೆಂದು ತೋರಿಸುವ ಹ್ಯಾಶ್ ಸಂಖ್ಯೆಯನ್ನೂ ಅದರಲ್ಲಿ ನಮೂದಿಸಬೇಕು.

ಆಫೀಸಿನ ಸಿಸಿಟಿವಿ ದೃಶ್ಯ ಕೆಲವು ವಾರಗಳಲ್ಲಿ ತಾನಾಗಿ ಅಳಿಸಿಹೋಗುತ್ತದೆ. ಉಳಿದದ್ದನ್ನು ಕಾದಿಡಿ ಎಂದು ದೂರಿನಲ್ಲೇ ಒಂದು ಸಾಲು ಸೇರಿಸಿ. ದಾಖಲೆ ತರಿಸುವ, ಸಾಕ್ಷಿಗಳನ್ನು ಕರೆಸುವ ಅಧಿಕಾರ ಸಮಿತಿಗಿದೆ. ಕ್ಯಾಶ್ ಪುಸ್ತಕವನ್ನೂ ನಿಮ್ಮಿಂದ ಕ್ಯಾಶ್ ವಹಿಸಿಕೊಂಡ ದಿನದ ಸಹಿಯ ಚೀಟಿಯನ್ನೂ ತರಿಸಲು ಕೇಳಿ. ನೀವಾಗಿ ಆಫೀಸಿನ ಕಡತ ಮನೆಗೆ ತಂದಿದ್ದರೆ ಅಥವಾ ಹಳೆಯ ಪಾಸ್‌ವರ್ಡ್ ಹಾಕಿ ಲೆಕ್ಕ ತೆರೆದರೆ, ಕಳ್ಳತನದ ಪ್ರತಿದೂರಿಗೆ ನೀವೇ ದಾರಿ ಮಾಡಿಕೊಟ್ಟಂತೆ.

ಮಾನನಷ್ಟಕ್ಕೆ ಬರೋಣ. ಗ್ರೂಪಿನ ಸಂದೇಶದಲ್ಲಿ ನಿಮ್ಮ ಹೆಸರಿಲ್ಲ ಎಂಬುದು ದೊಡ್ಡ ತೊಡಕಲ್ಲ. ಕ್ಯಾಶ್ ಯಾರ ಕೈಯಲ್ಲಿತ್ತೆಂದು ಓದಿದವರಿಗೆಲ್ಲ ಗೊತ್ತಿದ್ದರೆ ಸಾಕು. ತೊಡಕು ಬೇರೆ ಕಡೆ ಇದೆ: ಮೇಲಧಿಕಾರಿಯಾಗಿ ಸದುದ್ದೇಶದಿಂದ ಲೆಕ್ಕ ಕೇಳಿದೆ ಎಂದು ಅವರು ಹೇಳುತ್ತಾರೆ, ಕಾನೂನಿನಲ್ಲಿ ಆ ರಕ್ಷಣೆ ಇದೆ. ಅದನ್ನು ಒಡೆಯುವುದು ದಿನಾಂಕಗಳು. ಮೊದಲು ಮೆಸೇಜುಗಳು, ಆಮೇಲೆ ಮಾಲೀಕರಿಗೆ ನಿಮ್ಮ ಮಾತು, ಅದಾದ ಮೇಲೆ ಕ್ಯಾಶಿನ ಆರೋಪ. ಈ ಸರಣಿಯನ್ನು ಒಂದು ಸಮಿತಿ ದಾಖಲಿಸಿದ್ದರೆ ದುರುದ್ದೇಶ ತೋರಿಸುವುದು ಎಷ್ಟೋ ಸುಲಭ. ಕಿರುಕುಳದ ದೂರು ಮೊದಲು ಎಂದು ನಾವು ಹಟ ಹಿಡಿಯುವುದಕ್ಕೆ ಗಡುವಿನ ಜೊತೆಗೆ ಇದೂ ಕಾರಣ.

ಇನ್ನೊಂದು ಲಾಭವೂ ಉಂಟು. ಸಮಿತಿ ಪರಿಹಾರ ನಿಗದಿ ಮಾಡುವಾಗ ಮನಸ್ಸಿಗಾದ ನೋವು, ವೈದ್ಯಕೀಯ ಖರ್ಚಿನ ಜೊತೆ ಕೈತಪ್ಪಿದ ಉದ್ಯೋಗಾವಕಾಶವನ್ನೂ ಪರಿಗಣಿಸಬೇಕು. ಅದಕ್ಕೆ ಕೋರ್ಟ್ ಫೀ ಇಲ್ಲ. ಸಿವಿಲ್ ದಾವೆಯಲ್ಲಿ ಕೇಳಿದ ಮೊತ್ತಕ್ಕೆ ತಕ್ಕಂತೆ ಫೀ ಕಟ್ಟಬೇಕು, ಹತ್ತು ಲಕ್ಷ ಎಂದು ಬರೆಯುವ ಮುಂಚೆ ಇದನ್ನು ವಕೀಲರ ಹತ್ತಿರ ಕೇಳಿ. ನಮ್ಮ ಅಭಿಪ್ರಾಯದಲ್ಲಿ ಮೊದಲು ಲೀಗಲ್ ನೋಟಿಸ್ ಸಾಕು: ಅದೇ ಗ್ರೂಪಿನಲ್ಲಿ ತಪ್ಪೊಪ್ಪಿಗೆ, ಮಂಗಳೂರಿನ ಕಂಪೆನಿಗೆ ತಿದ್ದುಪಡಿಯ ಪತ್ರ, ಮತ್ತೆ ಹಾಗೆ ಹೇಳುವುದಿಲ್ಲವೆಂಬ ಬರಹ. ನಿಮಗೆ ಇವತ್ತು ಬೇಕಾದದ್ದು ಇನ್ನೊಂದು ಕೆಲಸ, ಅದಕ್ಕೆ ಈ ಮೂರು ಹಾಳೆ ಐದು ವರ್ಷದ ನಂತರ ಬರುವ ಡಿಕ್ರಿಗಿಂತ ಹೆಚ್ಚು ಉಪಯೋಗ. ಕೊಡದಿದ್ದರೆ ದಾವೆ. ಪ್ರತಿವಾದಿಯ ಊರಿನಲ್ಲೂ ಹಾಕಬಹುದು, ಮಾನಹಾನಿ ಆದ ಜಾಗದಲ್ಲೂ ಹಾಕಬಹುದು, ಅಂದರೆ ಫೋನ್ ಕರೆಯ ಮಟ್ಟಿಗೆ ಮಂಗಳೂರು ಕೂಡ ಆಗುತ್ತದೆ. ಗ್ರೂಪಿನ ಸಂದೇಶಕ್ಕೆ ವರ್ಷದ ಎಣಿಕೆ ಆಗಸ್ಟ್ 26ರಿಂದ, ಕರೆಗೆ ಕರೆಯ ದಿನದಿಂದ. ಕ್ರಿಮಿನಲ್ ಮಾನನಷ್ಟಕ್ಕೆ ಠಾಣೆಗೆ ಹೋಗಿ ಪ್ರಯೋಜನವಿಲ್ಲ, ಮ್ಯಾಜಿಸ್ಟ್ರೇಟರ ಮುಂದೆ ಖಾಸಗಿ ದೂರು ಹಾಕಬೇಕು. ಅದಕ್ಕೆ ಮೂರು ವರ್ಷ ಸಮಯವಿದೆ.

ಕರೆಯ ಬಗ್ಗೆ ಈಗ ನಿಮ್ಮಲ್ಲಿರುವುದು ಕೇಳಿದ ಮಾತು ಮಾತ್ರ. ಮಂಗಳೂರಿನ ಕಂಪೆನಿಗೆ ಸೌಮ್ಯವಾಗಿ ಒಂದು ಇಮೇಲ್ ಬರೆಯಿರಿ: ಆಫರ್ ಹಿಂತೆಗೆದ ಕಾರಣ ತಿಳಿಸಿ, ನನ್ನ ಹಿಂದಿನ ಕೆಲಸದ ಬಗ್ಗೆ ಬಂದ ಮಾಹಿತಿಗೆ ನನ್ನ ಕಡೆಯ ದಾಖಲೆ ಕೊಡಲು ಅವಕಾಶ ಕೊಡಿ. ಎರಡು ಸಾಲಿನ ಉತ್ತರ ಬಂದರೂ ಅದು ಸಾಕ್ಷ್ಯ. ಸಂಬಳ ನಮೂದಿಸಿದ ಆಫರ್ ಲೆಟರ್ ಜೋಪಾನ.

ರಿಲೀವಿಂಗ್ ಲೆಟರನ್ನು 15 ದಿನದ ಗಡುವು ಹಾಕಿ ಸ್ಪೀಡ್ ಪೋಸ್ಟಿನಲ್ಲಿ ಕೇಳಿ. ರಾಜೀನಾಮೆ ಸ್ವಇಚ್ಛೆಯದ್ದಲ್ಲ ಎಂದೂ ಅದೇ ಪತ್ರದಲ್ಲಿ ಬರೆಯಿರಿ, ತಡಮಾಡಿದಷ್ಟೂ ಆ ಮಾತಿನ ತೂಕ ಕಡಿಮೆ. ಆರು ತಿಂಗಳು ಸತತ ದುಡಿದವರನ್ನು ಸಕಾರಣವಿಲ್ಲದೆ, ಒಂದು ತಿಂಗಳ ನೋಟಿಸ್ ಅಥವಾ ಅದರ ಬದಲು ಸಂಬಳ ಕೊಡದೆ ತೆಗೆಯುವಂತಿಲ್ಲ ಎಂದು ಕೇರಳದ 1960ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಹೇಳುತ್ತದೆ, ಕಾರ್ಮಿಕ ಇಲಾಖೆಯಲ್ಲಿ ವಿಚಾರಿಸಿ. ಪಿಎಫ್ ಇದ್ದರೆ ಪಾಸ್‌ಬುಕ್ ಇಳಿಸಿಕೊಳ್ಳಿ: ನಾಲ್ಕು ವರ್ಷ ಎಲ್ಲಿ ದುಡಿದಿರಿ ಎಂಬುದಕ್ಕೆ ಅದು ಒಳ್ಳೆಯ ದಾಖಲೆ. ಕೊನೆಯ ವಂತಿಗೆಯಿಂದ ಎರಡು ತಿಂಗಳು ಕಳೆದರೆ ಕೆಲಸ ಬಿಟ್ಟ ದಿನಾಂಕವನ್ನು ನೀವೇ ನಮೂದಿಸಬಹುದು, ಅವರ ಕೈಕಾಲು ಹಿಡಿಯಬೇಕಾಗಿಲ್ಲ.

ಅಣ್ಣನ ಆತಂಕ ನಮಗೆ ಅರ್ಥವಾಗುತ್ತದೆ. ಚಿಕ್ಕ ಊರಿನಲ್ಲಿ ನಾಲ್ಕು ಜನರ ಬಾಯಿಗೆ ಬೀಳುವುದು ಸಣ್ಣ ಸಂಗತಿಯಲ್ಲ. ಆದರೆ ಹಣ ನುಂಗಿದವಳು ಎಂಬ ಮಾತು ಈಗಾಗಲೇ ತಲಪಾಡಿ ಗಡಿ ದಾಟಿ ಹೋಗಿದೆ, ಸುಮ್ಮನಿದ್ದರೆ ಅದೊಂದೇ ಉಳಿಯುತ್ತದೆ. ಸಮಿತಿಯ ವಿಚಾರಣೆಯಲ್ಲಿ ಯಾರ ಹೆಸರನ್ನೂ ಬಹಿರಂಗಪಡಿಸುವಂತಿಲ್ಲ. ಆ ನಿಯಮ ನಿಮಗೂ ಅನ್ವಯಿಸುತ್ತದೆ, ಫೇಸ್‌ಬುಕ್ಕಿನಲ್ಲಿ ಬರೆಯಬೇಡಿ, ಸ್ಟೇಟಸ್ ಹಾಕಬೇಡಿ. ಸಮಿತಿಗೆ ಪ್ರಾಮಾಣಿಕವಾಗಿ ಕೊಟ್ಟ ದೂರಿಗೆ ಇರುವ ರಕ್ಷಣೆ ಸ್ಟೇಟಸ್ಸಿಗೆ ಇಲ್ಲ, ಆಮೇಲೆ ಮಾನನಷ್ಟದ ನೋಟಿಸ್ ನಿಮಗೇ ಬರಬಹುದು.

ದೂರನ್ನು ಕನ್ನಡದಲ್ಲೇ ಬರೆಯಿರಿ. ಕುಂದುಕೊರತೆಯ ಅರ್ಜಿಯನ್ನು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಕೊಡಬಹುದೆಂದು ಸಂವಿಧಾನದ 350ನೇ ವಿಧಿ ಹೇಳುತ್ತದೆ. ಭಾಷಾ ಅಲ್ಪಸಂಖ್ಯಾತ ಪ್ರದೇಶದ ಕನ್ನಡಿಗರು ಅಲ್ಲಿನ ಸರಕಾರಿ ಕಚೇರಿಗಳೊಂದಿಗೆ ಕನ್ನಡದಲ್ಲೇ ವ್ಯವಹರಿಸಬಹುದೆಂದು ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆಯಲ್ಲೇ ಇದೆ. ಕೌಂಟರಿನಲ್ಲಿ "ಮಲಯಾಳದಲ್ಲಿ ತನ್ನಿ" ಎಂದರೆ ಈ ಕಾಯ್ದೆಯ ಹೆಸರು ಹೇಳಿ. ನಿಮ್ಮ ಮಾತು ಅವರಿಗೆ ಬೇಗ ಅರ್ಥವಾಗಲೆಂದು ಮಲಯಾಳ ಅನುವಾದವೊಂದನ್ನು ಲಗತ್ತಿಸಿದರೆ ಒಳ್ಳೆಯದು, ಆದರೆ ಸಹಿ ಕನ್ನಡ ಮೂಲಕ್ಕೆ ಇರಲಿ. ವಿಚಾರಣೆಯಲ್ಲಿ ನಿಮ್ಮ ಹೇಳಿಕೆಯನ್ನು ಮಲಯಾಳದಲ್ಲಿ ಬರೆದುಕೊಂಡರೆ ಕನ್ನಡದಲ್ಲಿ ಓದಿ ಹೇಳದೆ ಸಹಿ ಹಾಕಬೇಡಿ.

ವಕೀಲರ ಫೀಸಿಗೆ ಹಣವಿಲ್ಲದಿದ್ದರೂ ಕೈಕಟ್ಟಿ ಕೂರಬೇಕಿಲ್ಲ. ಕಾನೂನು ಸೇವಾ ಪ್ರಾಧಿಕಾರದಲ್ಲಿ ಮಹಿಳೆಯರಿಗೆ ಆದಾಯದ ಮಿತಿಯಿಲ್ಲದೆ ಉಚಿತ ವಕೀಲರು ಸಿಗುತ್ತಾರೆ, ಸಹಾಯವಾಣಿ 15100. ಜಿಲ್ಲಾ ಕೋರ್ಟು ವಿದ್ಯಾನಗರದಲ್ಲೇ ಇರುವುದರಿಂದ ಒಂದೇ ದಿನ ಎರಡೂ ಕೆಲಸ ಮುಗಿಸಬಹುದು. ಹೋಗುವಾಗ ಚಾರ್ಜ್ ಇರುವ ಅದೇ ಫೋನು, ಆಧಾರ್, ನೇಮಕಾತಿ ಪತ್ರ, ಆರು ತಿಂಗಳ ಸಂಬಳದ ಬ್ಯಾಂಕ್ ವಿವರ, ಆಫರ್ ಲೆಟರ್, ಮತ್ತು ದಿನಾಂಕವಾರು ಬರೆದ ಒಂದು ಹಾಳೆ ಒಯ್ಯಿರಿ. ಅಣ್ಣನನ್ನೂ ಕರೆದುಕೊಂಡು ಹೋಗಿ.