1959ರಲ್ಲೇ ಶುರುವಾದ ದೂರದರ್ಶನ ನಮ್ಮ ಊರುಗಳಿಗೆ ಅಷ್ಟು ತಡವಾಗಿ ಬಂದದ್ದೇಕೆ?

ಶುರುವಾಯಿತು ಅಂದರೆ ದೆಹಲಿಯಲ್ಲಿ ಮಾತ್ರ, ಅದೂ ಪ್ರಯೋಗಕ್ಕೆಂದು. 1959ರ ಸೆಪ್ಟೆಂಬರ್ 15ರಂದು ಆಕಾಶವಾಣಿಯ ಒಂದು ಭಾಗವಾಗಿ ಆರಂಭವಾದ ಪ್ರಸಾರ ದಿನನಿತ್ಯದ್ದಾಗಿದ್ದು 1965ರಲ್ಲಿ. ಎರಡನೇ ನಗರವಾದ ಮುಂಬೈಗೆ ಬಂದದ್ದೇ 1972ಕ್ಕೆ! ಆಕಾಶವಾಣಿಯಿಂದ ಬೇರೆಯಾಗಿದ್ದು 1976ರಲ್ಲಿ.

ತಡವಾಗಲು ಮುಖ್ಯ ಕಾರಣ ಟವರ್‌ಗಳು. ಒಂದು ಟವರ್‌ನ ಸಿಗ್ನಲ್ ಸುತ್ತಲಿನ ಸೀಮಿತ ಪ್ರದೇಶಕ್ಕಷ್ಟೇ ಸಿಗುತ್ತಿತ್ತು. ದೇಶದ ತುಂಬ ಟವರ್ ಎಬ್ಬಿಸಲು ದುಡ್ಡೂ ಬೇಕು, ವರ್ಷಗಳೂ ಬೇಕು.

ಆದರೆ ಕರ್ನಾಟಕದ ಮಟ್ಟಿಗೆ ಒಂದು ತಮಾಷೆಯಿದೆ. ಬೆಂಗಳೂರಿಗಿಂತ ಮೊದಲು ಟಿವಿ ಕಂಡವು ಕಲಬುರಗಿ, ರಾಯಚೂರು, ವಿಜಯಪುರ ಸೀಮೆಯ ಹಳ್ಳಿಗಳು. 1975ರ ಆಗಸ್ಟ್‌ನಿಂದ ಒಂದು ವರ್ಷ ನಾಸಾದ ಎಟಿಎಸ್-6 ಉಪಗ್ರಹವನ್ನು ಎರವಲು ಪಡೆದು, ಇಸ್ರೋ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ನೇರವಾಗಿ ಕಾರ್ಯಕ್ರಮ ತಲುಪಿಸಿತು. ಇದೇ 'ಸೈಟ್' (SITE), ಅಂದರೆ ಉಪಗ್ರಹದ ಮೂಲಕ ಟಿವಿಯಲ್ಲಿ ಪಾಠ ಹೇಳುವ ಪ್ರಯೋಗ. ಕೋಳಿಗೂಡಿಗೆ ಹಾಕುವಂಥ ತಂತಿಬಲೆಯಿಂದ ಮಾಡಿದ ಮೂರು ಮೀಟರ್ ಅಗಲದ ಆಂಟೆನಾ, ಊರಿಗೆಲ್ಲ ಒಂದೇ ಟಿವಿ. ಕೃಷಿ, ಆರೋಗ್ಯ, ಮಕ್ಕಳ ಪಾಠ ಎಲ್ಲವೂ ಅದರಲ್ಲಿ, ಕನ್ನಡದಲ್ಲೂ. ನನ್ನ ಪ್ರಕಾರ ದೂರದರ್ಶನದ ಚರಿತ್ರೆಯಲ್ಲಿ ಧಾರಾವಾಹಿಗಳಿಗಿಂತ ದೊಡ್ಡ ಸಾಹಸ ಇದು.

1982ರಲ್ಲಿ ಬಣ್ಣ, ರಾಷ್ಟ್ರೀಯ ಕಾರ್ಯಕ್ರಮ ಮತ್ತು ಏಷ್ಯನ್ ಗೇಮ್ಸ್ ಒಟ್ಟಿಗೇ ಬಂದವು. ಅಲ್ಲಿಂದ ಮುಂದೆ ಕಡಿಮೆ ಶಕ್ತಿಯ ಟ್ರಾನ್ಸ್‌ಮಿಟರ್‌ಗಳನ್ನು ಊರೂರಿಗೆ ನೆಟ್ಟರು. 'ಹಮ್ ಲೋಗ್', 'ರಾಮಾಯಣ', ಆಗುಂಬೆಯಲ್ಲಿ ಶಂಕರ್ ನಾಗ್ ಚಿತ್ರಿಸಿದ 'ಮಾಲ್ಗುಡಿ ಡೇಸ್' ಇವೆಲ್ಲ ಮನೆಮನೆ ಮುಟ್ಟಿದ್ದು ಹಾಗೆ.