ಟಕೀಲಾ, ಮೆಸ್ಕಾಲ್, ಬಕನೋರಾ: ಬಾಟಲಿಯ ಸಣ್ಣ ಅಕ್ಷರ ಓದಿ

ಪ್ರಶ್ನೆ: ನಾವು ಟೆಕ್ಸಸ್‌ನ ಆಸ್ಟಿನ್‌ನಲ್ಲಿದ್ದೇವೆ. ಇಲ್ಲಿನ ಅಂಗಡಿಯಲ್ಲಿ ಟಕೀಲಾ ಪಕ್ಕದಲ್ಲೇ ಮೆಸ್ಕಾಲ್, ರಾಯ್ಸಿಯಾ, ಬಕನೋರಾ, ಸೋತೋಲ್ ಅಂತ ಸಾಲುಸಾಲು ಬಾಟಲಿಗಳಿವೆ. ಎಲ್ಲವೂ ಅಗೇವ್‌ನಿಂದ ಮಾಡಿದ್ದೇ ಅಂತಾನೆ ಅಂಗಡಿಯವನು. ಹಾಗಿದ್ದರೆ ಇಷ್ಟೊಂದು ಹೆಸರು ಯಾಕೆ? ಬೆಲೆಯಲ್ಲಿ ಅಷ್ಟು ವ್ಯತ್ಯಾಸ ಯಾಕೆ?

ಉತ್ತರ: ಅಂಗಡಿಯವನು ಹೇಳಿದ್ದು ಪೂರ್ತಿ ಸರಿಯಲ್ಲ. ಸೋತೋಲ್ ಅಗೇವ್‌ನದ್ದಲ್ಲ. ಅದನ್ನು ದಾಸಿಲಿರಿಯನ್ ಅನ್ನೋ ಬೇರೆ ಗಿಡದಿಂದ, ಉತ್ತರ ಮೆಕ್ಸಿಕೊದ ಚಿವಾವಾ, ಕೊವಾವಿಲಾ, ದುರಾಂಗೊ ರಾಜ್ಯಗಳಲ್ಲಿ ಮಾಡುತ್ತಾರೆ. ಅದನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಉಳಿದ ನಾಲ್ಕೂ ಅಗೇವ್‌ನವು, ಅಂದರೆ ನಮ್ಮ ಕತ್ತಾಳೆಯ ಬಳಗದವು. ಇದು ಕಳ್ಳಿ ಗಿಡ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಅಲ್ಲ, ಶತಾವರಿ ಕುಟುಂಬದ್ದು.

ಮಾಡುವ ಕ್ರಮ ಎಲ್ಲದಕ್ಕೂ ಹೆಚ್ಚುಕಡಿಮೆ ಒಂದೇ. ವರ್ಷಗಟ್ಟಲೆ ಬೆಳೆದ ಗಿಡದ ಎಲೆ ಸವರಿ, ನಡುವಿನ ದಪ್ಪ ತಿರುಳು ತೆಗೆಯುತ್ತಾರೆ. ಇದಕ್ಕೆ ಅಲ್ಲಿ ಪಿನ್ಯಾ ಅಂತಾರೆ. ಅದರಲ್ಲಿರೋದು ನೇರ ಸಕ್ಕರೆಯಲ್ಲ, ಇನ್ಯುಲಿನ್ ಥರದ ವಸ್ತು, ಬೇಯಿಸಿದರೆ ಮಾತ್ರ ಸಕ್ಕರೆಯಾಗಿ ಒಡೆಯುತ್ತದೆ. ಬೇಯಿಸಿ, ಜಜ್ಜಿ, ಹುಳಿ ಬರಿಸಿ, ಆಮೇಲೆ ಭಟ್ಟಿ ಇಳಿಸಬೇಕು. (ಗಿಡದಿಂದ ಬಸಿದ ಸಿಹಿನೀರನ್ನು ಭಟ್ಟಿ ಇಳಿಸದೆ, ಬರೀ ಹುಳಿ ಬರಿಸಿ ಕುಡಿಯೋದು ಪುಲ್ಕೆ. ಅದು ನಮ್ಮ ಸೇಂದಿಯ ಹಾಗೆ, ಬೇಗ ಕೆಡುತ್ತದೆ.)

ಹೆಸರುಗಳನ್ನು ಬೇರೆ ಮಾಡಿದ್ದು ಮುಖ್ಯವಾಗಿ ಕಾನೂನು. ಹಿಂದೆ ಟಕೀಲಾ ಊರಿನ ಕಡೆಯಿಂದ ಬರುತ್ತಿದ್ದದ್ದೂ ಒಂದು ಬಗೆಯ ಮೆಸ್ಕಾಲೇ. 1974ರಲ್ಲಿ ಮೆಕ್ಸಿಕೊ ಆ ಹೆಸರಿಗೆ ಜಿಐ ಟ್ಯಾಗ್ ಥರದ ರಕ್ಷಣೆ ಕೊಟ್ಟಿತು. ನೀಲಿ ಅಗೇವ್ ಅನ್ನೋ ಒಂದೇ ತಳಿ ಬಳಸಬೇಕು, ಹಲಿಸ್ಕೊ ರಾಜ್ಯದಲ್ಲಿ ಅಥವಾ ಇನ್ನು ನಾಲ್ಕು ರಾಜ್ಯಗಳ ಗೊತ್ತುಪಡಿಸಿದ ಭಾಗಗಳಲ್ಲಿ ಮಾಡಬೇಕು, ಆಗ ಮಾತ್ರ ಅದು ಟಕೀಲಾ. ಮೆಸ್ಕಾಲ್‌ಗೆ ಇದೇ ರಕ್ಷಣೆ ಸಿಕ್ಕಿದ್ದು 1994ರಲ್ಲಿ. ಅದನ್ನು ಹತ್ತಾರು ಜಾತಿಯ ಅಗೇವ್‌ನಿಂದ ಮಾಡಬಹುದು, ಹೆಚ್ಚಿನ ಪಾಲು ಬರೋದು ವಹಾಕಾ ರಾಜ್ಯದಿಂದ. ರಾಯ್ಸಿಯಾ ಹಲಿಸ್ಕೊದ ಬೆಟ್ಟ ಮತ್ತು ಕರಾವಳಿಯದ್ದು, ಅದಕ್ಕೆ ರಕ್ಷಣೆ ಬಂದದ್ದು ಈಚೆಗೆ, 2019ರಲ್ಲಿ.

ಬಕನೋರಾ ಕಥೆ ಸ್ವಲ್ಪ ಬೇರೆ. ಸೊನೋರಾ ರಾಜ್ಯದ ಮದ್ಯ ಇದು. 1915ರಲ್ಲಿ ಅಲ್ಲಿನ ಗವರ್ನರ್ ಆಗಿದ್ದ ಪ್ಲುತಾರ್ಕೊ ಎಲಿಯಾಸ್ ಕಾಯೆಸ್ ಮದ್ಯಕ್ಕೆ ನಿಷೇಧ ಹಾಕಿದರು. ಬಕನೋರಾ ಮಟ್ಟಿಗೆ ಅದು ತೆರವಾಗಿದ್ದು 1992ರಲ್ಲಿ! ಅಷ್ಟು ವರ್ಷ ಜನ ಗುಡ್ಡದ ಸಂದಿಗಳಲ್ಲಿ ಕದ್ದುಮುಚ್ಚಿ ಭಟ್ಟಿ ಇಳಿಸಿಕೊಂಡು ಆ ಕೆಲಸವನ್ನು ಉಳಿಸಿಕೊಂಡರು, ಹಾಗಾಗಿ ಇವತ್ತಿಗೂ ಅದು ಸಣ್ಣ ಪ್ರಮಾಣದಲ್ಲೇ ತಯಾರಾಗುತ್ತದೆ.

ಈಗ ನಾನು ನಿಜವಾಗಿ ಹೇಳಬೇಕಾದ ಮಾತಿಗೆ ಬರ್ತೀನಿ. ಮುಂದಿನ ದೊಡ್ಡ ಹೆಸರಿಗಿಂತ ಬಾಟಲಿಯ ಸಣ್ಣ ಅಕ್ಷರಗಳೇ ಜಾಸ್ತಿ ಹೇಳುತ್ತವೆ. ಯಾವ ಗಿಡ, ಯಾವ ಊರು, ಹೇಗೆ ಬೇಯಿಸಿದ್ದು, ಯಾವುದರಲ್ಲಿ ಭಟ್ಟಿ ಇಳಿಸಿದ್ದು, ಇದನ್ನು ನೋಡಿ. ಮೆಸ್ಕಾಲ್ ಲೇಬಲ್‌ನಲ್ಲಿ ಬರೀ 'ಮೆಸ್ಕಾಲ್' ಅಂತಿದ್ದರೆ ಕಾರ್ಖಾನೆಯ ಯಂತ್ರಗಳಲ್ಲಿ ಮಾಡಿದ್ದೂ ಇರಬಹುದು. 'ಆರ್ತೆಸನಾಲ್' ಅಂತಿದ್ದರೆ ಸಾಮಾನ್ಯವಾಗಿ ನೆಲದ ಗುಂಡಿಯಲ್ಲಿ ಕಟ್ಟಿಗೆ ಉರಿಸಿ, ಕಾದ ಕಲ್ಲಿನ ಮೇಲೆ ಪಿನ್ಯಾ ಪೇರಿಸಿ, ಮಣ್ಣು ಮುಚ್ಚಿ ದಿನಗಟ್ಟಲೆ ಬೇಯಿಸಿ, ತಾಮ್ರದ ಹಂಡೆಯಲ್ಲೋ ಮಣ್ಣಿನ ಮಡಕೆಯಲ್ಲೋ ಇಳಿಸಿದ್ದು. 'ಅನ್ಸೆಸ್ತ್ರಾಲ್' ಅಂದರೆ ಇನ್ನೂ ಹಳೇ ದಾರಿ, ಅದರಲ್ಲಿ ಮಡಕೆ ಮಾತ್ರ.

ಮೆಸ್ಕಾಲ್ ಅಂದರೆ ಹೊಗೆ ವಾಸನೆ ಅನ್ನೋ ಮಾತು ಗುಂಡಿಯಿಂದ ಬಂದದ್ದು. ಆದರೆ ಸಾನ್ ಲೂಯಿಸ್ ಪೊತೋಸಿ ರಾಜ್ಯದಲ್ಲಿ ಸಾಲ್ಮಿಯಾನಾ ಅನ್ನೋ ಅಗೇವನ್ನು ನೆಲದ ಮೇಲಿನ ಕಲ್ಲಿನ ಒಲೆಗಳಲ್ಲಿ ಬೇಯಿಸುತ್ತಾರೆ. ಅದರಲ್ಲಿ ಹೊಗೆ ಇಲ್ಲವೇ ಇಲ್ಲ ಅನ್ನಬಹುದು, ಹಸಿಮೆಣಸಿನಕಾಯಿಯ ಹಸಿರು ಘಾಟು ಬರುತ್ತದೆ. ಅದೂ ಮೆಸ್ಕಾಲೇ ಅಲ್ವಾ?

ಇನ್ನು ಬೆಲೆ. ಅದು ಬಹುಪಾಲು ಗಿಡದ ವಯಸ್ಸಿನ ಲೆಕ್ಕ. ನೀಲಿ ಅಗೇವ್ ಐದಾರು ವರ್ಷಕ್ಕೆ ಬಲಿಯುತ್ತದೆ, ಹೆಚ್ಚಿನ ಮೆಸ್ಕಾಲ್‌ಗೆ ಬಳಸುವ ಎಸ್ಪಾದೀನ್ ಸುಮಾರು ಆರರಿಂದ ಎಂಟು ವರ್ಷಕ್ಕೆ. ತೋಬಲಾ ಅನ್ನೋ ಅಗೇವ್ ಹತ್ತು ವರ್ಷ ದಾಟಬಹುದು, ತೆಪೆಸ್ತಾತೆ ಇಪ್ಪತ್ತನ್ನೂ ಮೀರುತ್ತದೆ. ಅಷ್ಟು ಕಾದ ಮೇಲೂ ಗಿಡ ಸಿಗೋದು ಒಂದೇ ಸಲ. ಅಗೇವ್ ಜೀವಮಾನದಲ್ಲಿ ಒಮ್ಮೆ ಹೂ ಬಿಟ್ಟು ಸಾಯುತ್ತದೆ, ಹೂ ಬಿಟ್ಟರೆ ಕೂಡಿಟ್ಟ ಸಕ್ಕರೆಯೆಲ್ಲ ಹೂದಂಡಕ್ಕೆ ಖರ್ಚಾಗುತ್ತದೆ, ಅದಕ್ಕೇ ಮೊದಲೇ ಆ ದಂಡನ್ನು ಕಡಿದು ಬಿಡುತ್ತಾರೆ. ಹೂವಿಲ್ಲದಿದ್ದರೆ ಬೀಜವಿಲ್ಲ, ಪರಾಗಸ್ಪರ್ಶ ಮಾಡುವ ಬಾವಲಿಗಳಿಗೂ ಊಟವಿಲ್ಲ. ನೀಲಿ ಅಗೇವ್ ತೋಟಗಳನ್ನು ಬುಡದಿಂದ ಬರುವ ಕಂದುಗಳನ್ನೇ ನೆಟ್ಟು ಬೆಳೆಸುವುದರಿಂದ ಎಲ್ಲ ಗಿಡವೂ ಒಂದೇ ಅಚ್ಚು, ರೋಗ ಬಿದ್ದರೆ ಸಾಲಾಗಿ ಬೀಳುತ್ತವೆ. ಕಾಡಿನ ತೆಪೆಸ್ತಾತೆ ದುಬಾರಿ ಅಂತ ಗೊಣಗುವ ಮುಂಚೆ ಇದನ್ನು ನೆನಪಿಡಿ. ನನ್ನನ್ನು ಕೇಳಿದರೆ, ಮೊದಲ ಬಾಟಲಿಗೆ ಅದು ಬೇಡವೇ ಬೇಡ. ಊರಿನ ಹೆಸರೂ ಮಾಡಿದವರ ಹೆಸರೂ ಬರೆದಿರೋ ಎಸ್ಪಾದೀನ್ ಆರ್ತೆಸನಾಲ್ ಒಂದು ತಗೊಳ್ಳಿ. ನಿಂಬೆ, ಉಪ್ಪು, ಒಂದೇ ಗುಟುಕು ಅನ್ನೋ ಆಟ ಬಿಟ್ಟು ನಿಧಾನಕ್ಕೆ ಕುಡಿಯಿರಿ.

ಹಾಂ, 'ದೆಸ್ತಿಲಾದೊ ದೆ ಅಗಾವೆ' (ಅಗೇವ್‌ನಿಂದ ಭಟ್ಟಿ ಇಳಿಸಿದ್ದು) ಅಂತಷ್ಟೇ ಬರೆದ ಬಾಟಲಿ ಕಂಡರೆ ಕೀಳು ಮಾಲು ಅಂತ ತಿಳಿಯಬೇಡಿ. ಊರು ಕಾನೂನು ಗೊತ್ತುಪಡಿಸಿದ ಗೆರೆಯ ಆಚೆ ಇದ್ದದ್ದಕ್ಕೋ, ಪ್ರಮಾಣಪತ್ರದ ಖರ್ಚು ಬೇಡವೆಂದೋ 'ಮೆಸ್ಕಾಲ್' ಹೆಸರು ಬಿಟ್ಟಿರೋ ಒಳ್ಳೇ ಕೆಲಸಗಾರರು ಎಷ್ಟೋ ಜನ ಇದ್ದಾರೆ.

ಪ್ರಶ್ನೆ: ಬೆಂಗಳೂರಿನಲ್ಲಿ ಪಾರ್ಟಿಗೆ ಅಂತ ಗೋಲ್ಡ್ ಟಕೀಲಾ ತರುತ್ತೇವೆ. ಬಿಳಿಯದಕ್ಕಿಂತ ಅದು ಒಳ್ಳೆಯದು ತಾನೆ?

ಉತ್ತರ: ಅಲ್ಲ. ಆ ಚಿನ್ನದ ಬಣ್ಣ ಎಷ್ಟೋ ಸಲ ಕ್ಯಾರಮೆಲ್‌ನಿಂದ ಬಂದಿರುತ್ತದೆ. ಲೇಬಲ್‌ನಲ್ಲಿ '100% ಅಗೇವ್' ಅಂತ ಇದೆಯಾ ನೋಡಿ. ಇಲ್ಲದಿದ್ದರೆ ಅದರ ಸಕ್ಕರೆಯಲ್ಲಿ ಶೇ 51ರಷ್ಟು ಅಗೇವ್‌ನದ್ದಾದರೆ ಸಾಕು, ಉಳಿದದ್ದು ಕಬ್ಬಿನದ್ದೋ ಮೆಕ್ಕೆಜೋಳದ್ದೋ ಆಗಿರಬಹುದು. ಬೆಳಿಗ್ಗೆಯ ತಲೆನೋವಿಗೆ ಇದೇ ಕಾರಣ ಅಂತ ನಾನು ಹೇಳಲ್ಲ, ಎಷ್ಟು ಕುಡಿದಿರಿ ಅನ್ನೋದೂ ಇದೆಯಲ್ಲ. ಪೀಪಾಯಿಯಲ್ಲಿ ಎರಡು ತಿಂಗಳಾದರೂ ಇಟ್ಟದ್ದು ರೆಪೊಸಾದೊ, ಒಂದು ವರ್ಷ ಇಟ್ಟದ್ದು ಅನ್ಯೆಹೊ, ಮೂರು ವರ್ಷ ಇಟ್ಟದ್ದು ಎಕ್ಸ್‌ಟ್ರಾ ಅನ್ಯೆಹೊ. ಗಿಡದ ರುಚಿ ನೇರವಾಗಿ ಗೊತ್ತಾಗೋದು ಬಿಳಿಯ ಬ್ಲಾಂಕೊದಲ್ಲೇ.

ಪ್ರಶ್ನೆ: ನಮ್ಮ ಹೊಲದ ಬದುವಿನಲ್ಲಿ ಕತ್ತಾಳೆ ಬೇಕಾದಷ್ಟಿದೆ. ಅದರಿಂದ ಟಕೀಲಾ ಮಾಡಬಹುದಾ?

ಉತ್ತರ: ಟಕೀಲಾ ಅಂತೂ ಆಗಲ್ಲ, ಆ ಹೆಸರು ಮೆಕ್ಸಿಕೊದ್ದು. ಮದ್ಯ ಆಗುತ್ತದೆ. ನಮ್ಮ ಬೇಲಿಗಳಲ್ಲಿ, ರೈಲು ಹಳಿ ಪಕ್ಕದಲ್ಲಿ ಕಾಣುವ ಅಗೇವ್ ಅಮೆರಿಕಾನಾ ಅಮೆರಿಕ ಖಂಡದಿಂದಲೇ ಬಂದ ಗಿಡ. ದಖ್ಖನ್‌ನಲ್ಲಿ ಬೆಳೆದ ಇದೇ ಜಾತಿಯಿಂದ ಡೆಸ್ಮಂಡ್ ನಜರೆತ್ ಅವರು ಆಂಧ್ರದ ಚಿತ್ತೂರು ಜಿಲ್ಲೆಯಲ್ಲಿ 'ಡೆಸ್ಮಂಡ್‌ಜಿ' ಅನ್ನೋ ಅಗೇವ್ ಮದ್ಯ ಮಾಡಿ ತೋರಿಸಿದ್ದಾರೆ. ಆದರೆ ಮನೆ ಹಿತ್ತಲಲ್ಲಿ ಭಟ್ಟಿ ಇಡೋಕೆ ಹೋಗಬೇಡಿ, ಲೈಸೆನ್ಸ್ ಇಲ್ಲದೆ ಅದು ಅಪರಾಧ. ಗಿಡ ಕಡಿಯುವಾಗಲೂ ಹುಷಾರು, ರಸ ಮೈಗೆ ತಾಗಿದರೆ ಉರಿ, ತುರಿಕೆ.

ಪ್ರಶ್ನೆ: ನಾನು ಸಸ್ಯಾಹಾರಿ. ಬಾಟಲಿಯಲ್ಲಿ ಹುಳ ಹಾಕ್ತಾರಂತೆ, ನಿಜವಾ?

ಉತ್ತರ: ಕೆಲವು ಮೆಸ್ಕಾಲ್‌ಗಳಲ್ಲಿ ಹಾಕುತ್ತಾರೆ, ಟಕೀಲಾದಲ್ಲಿ ಇಲ್ಲ. ಅಗೇವ್ ಮೇಲೆ ಬದುಕುವ ಪತಂಗದ ಮರಿಹುಳ ಅದು. ಹಳೇ ಸಂಪ್ರದಾಯ ಏನಲ್ಲ, ಕಳೆದ ಶತಮಾನದ ನಡುವಿನಲ್ಲಿ ಶುರುವಾದ ಮಾರಾಟದ ತಂತ್ರ. ಹುಳ ಕಣ್ಣಿಗೆ ಕಾಣುತ್ತದೆ, ಬಿಟ್ಟರಾಯಿತು. ನಿಮಗೆ ಗೊತ್ತಿಲ್ಲದೆ ಒಳಗೆ ಹೋಗಬಹುದಾದದ್ದು ಪೆಚುಗಾ. ಹಬ್ಬ, ಮದುವೆಗಳಿಗೆ ಅಂತ ಮಾಡುವ ಈ ಮೆಸ್ಕಾಲ್‌ನ ಕೊನೆಯ ಭಟ್ಟಿಯಲ್ಲಿ ಹಣ್ಣು, ಮಸಾಲೆ ಜೊತೆ ಹಸಿ ಕೋಳಿ ಅಥವಾ ಟರ್ಕಿ ಕೋಳಿಯ ಎದೆಭಾಗವನ್ನು ನೇತುಹಾಕಿ ಅದರ ಆವಿ ಹಾಯಿಸುತ್ತಾರೆ. ಬಾಟಲಿಯಲ್ಲಿ ಮಾಂಸದ ಸುಳಿವೇ ಇರುವುದಿಲ್ಲ. 'ಪೆಚುಗಾ' ಅಥವಾ 'ದೆಸ್ತಿಲಾದೊ ಕೊನ್' (ಇಂಥದರ ಜೊತೆ ಭಟ್ಟಿ ಇಳಿಸಿದ್ದು) ಅಂತ ಇದ್ದರೆ ಮುಂದೇನು ಬರೆದಿದೆ ಓದಿ. ಪೋಯೊ ಅಂದರೆ ಕೋಳಿ, ಪಾವೊ ಅಂದರೆ ಟರ್ಕಿ, ಕೊನೆಹೊ ಅಂದರೆ ಮೊಲ. ಬರೀ ಹಣ್ಣು ಹಾಕಿ ಮಾಡಿದ ಪೆಚುಗಾಗಳೂ ಇವೆ, ಆದರೆ ಕೇಳಿಯೇ ತಗೊಳ್ಳಿ.