ಕನ್ನಡ ಮೀಡಿಯಂ ಹುಡುಗಿ ಮತ್ತು ಥಾಯ್ಲೆಂಡಿನ ಕೆಲಸ: ಒಂದು ಆಪ್ತಸಲಹೆ ಪ್ರಕರಣ

ಕಾಸರಗೋಡು ಜಿಲ್ಲೆಯ ಮಂಜೇಶ್ವರ ಕಡೆಯ ಹುಡುಗಿ, ವಯಸ್ಸು 24. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ, ಬರೆಯಲು ಅವಳ ಒಪ್ಪಿಗೆಯೂ ಇದೆ. ಹತ್ತನೆಯವರೆಗೆ ಕನ್ನಡ ಮಾಧ್ಯಮ, ಆಮೇಲೆ ಬಿಎ ಇಂಗ್ಲಿಷ್. ಎರಡು ವರ್ಷದಿಂದ ಮನೆಯ ಜಗಲಿಯಲ್ಲೇ ಮಕ್ಕಳಿಗೆ ಟ್ಯೂಷನ್ ಹೇಳುತ್ತಿದ್ದಾಳೆ. ಅಮ್ಮನ ಜೊತೆ ಬಂದಿದ್ದಳು. ಪ್ಲಾಸ್ಟಿಕ್ ಫೈಲೊಂದನ್ನು ಎದೆಗೆ ಒತ್ತಿಕೊಂಡೇ ಕೂತಳು.

ಏಜೆಂಟ್ ಒಬ್ಬರು 1 ಲಕ್ಷ 80 ಸಾವಿರ ಕೇಳಿದ್ದರು. ಆನ್‌ಲೈನ್‌ನಲ್ಲಿ 120 ಗಂಟೆಯ ಟೆಫ್ಲ್ (ಬೇರೆ ಭಾಷೆಯವರಿಗೆ ಇಂಗ್ಲಿಷ್ ಕಲಿಸುವ ತರಬೇತಿ) ಸರ್ಟಿಫಿಕೇಟ್, ಅದಾದ ಮೇಲೆ ಥಾಯ್ಲೆಂಡಿನ ಶಾಲೆಯಲ್ಲಿ ಕೆಲಸ. ಮೊದಲು ಟೂರಿಸ್ಟ್ ವೀಸಾದಲ್ಲಿ ಹೋಗಿ, ಉಳಿದದ್ದು ಅಲ್ಲಿ ಸರಿ ಮಾಡೋಣ ಅಂದಿದ್ದರಂತೆ. ಅಮ್ಮ ಕರಿಮಣಿ ಒಂದು ಬಿಟ್ಟು ಉಳಿದ ಬಂಗಾರ ಅಡವಿಡಲು ತಯಾರಾಗಿದ್ದರು.

ಇಷ್ಟು ಓದಿದವಳು ಇದನ್ನು ಯಾಕೆ ನಂಬಿದಳು? ಕೇಳಿದೆ. ತುಂಬ ಹೊತ್ತು ಸುಮ್ಮನಿದ್ದು, "ನಾನು ಕನ್ನಡ ಮೀಡಿಯಂ ಅಲ್ವಾ, ಸರಿಯಾದ ದಾರಿಯಲ್ಲಿ ಹೋದರೆ ನನ್ನನ್ನು ಯಾರು ತಗೊಳ್ತಾರೆ?" ಅಂದಳು. ಅಲ್ಲಿಗೆ ನನಗೆ ವಿಷಯ ಅರ್ಥವಾಯಿತು. ಅವಳು ದುಡ್ಡು ಕೊಡಲು ಹೊರಟದ್ದು ಸರ್ಟಿಫಿಕೇಟ್‌ಗಿಂತ ಜಾಸ್ತಿ ಆ ನಾಚಿಕೆಗೆ.

"ಟ್ಯೂಷನ್ ಮಕ್ಕಳಿಗೆ ಪ್ರೆಸೆಂಟ್ ಪರ್ಫೆಕ್ಟ್ ಹೇಗೆ ಹೇಳಿಕೊಡ್ತೀಯ? ನನಗೂ ಹೇಳಿಕೊಡು" ಅಂದೆ. ಫೈಲು ಕೆಳಗಿಟ್ಟಳು. "ನಿನ್ನೆ ಅಡಿಕೆ ಸುಲಿದೆ ಅಂದರೆ ಕೆಲಸ ನಿನ್ನೆಗೇ ಮುಗಿಯಿತು. ಅಡಿಕೆ ಸುಲಿದಿಟ್ಟಿದ್ದೇನೆ ಅಂದರೆ ರಾಶಿ ಈಗಲೂ ಅಂಗಳದಲ್ಲಿ ಇದೆ, ಬೇಕಾದರೆ ಹೋಗಿ ನೋಡಬಹುದು. ಐ ಹ್ಯಾವ್ ಪೀಲ್ಡ್ ಅನ್ನುವುದು ಆ ರಾಶಿಗೆ." ಬೋರ್ಡಿಲ್ಲ, ಪುಸ್ತಕವಿಲ್ಲ, ಎರಡು ನಿಮಿಷ. ಪಕ್ಕದಲ್ಲಿ ಕೂತ ಅಮ್ಮನಿಗೂ ಅರ್ಥವಾಗಿತ್ತು. ಕಲಿಸುವುದು ಇವಳಿಗೆ ಬರುತ್ತದೆ, ಅದರಲ್ಲಿ ನನಗೆ ಸಂಶಯ ಉಳಿಯಲಿಲ್ಲ. ಇನ್ನು ಬೇಕಾದದ್ದು ಕಾಗದಪತ್ರ.

ಅದರ ಬಗ್ಗೆ ಏನನ್ನೂ ಮುಚ್ಚಿಡದೆ ಹೇಳಿದೆ. ಭಾರತದ ಪಾಸ್‌ಪೋರ್ಟ್ ಇದ್ದವರಿಗೆ ಕೆಲವು ಬಾಗಿಲು ಕಿರಿದು. ದಕ್ಷಿಣ ಕೊರಿಯಾದ ಇಂಗ್ಲಿಷ್ ಶಿಕ್ಷಕರ ವೀಸಾ ಮಾಮೂಲಾಗಿ ಸಿಗುವುದು ಅಮೆರಿಕ, ಬ್ರಿಟನ್‌ನಂಥ ಏಳು ದೇಶದವರಿಗೆ. 2010ರಲ್ಲಿ ಜಾರಿಗೆ ಬಂದ ಭಾರತ-ಕೊರಿಯಾ ವ್ಯಾಪಾರ ಒಪ್ಪಂದದಲ್ಲಿ ನಮ್ಮವರಿಗೂ ಸಣ್ಣ ಅವಕಾಶ ಇದೆ, ಆದರೆ ಇಂಗ್ಲಿಷ್ ಡಿಗ್ರಿ ಜೊತೆ ಶಿಕ್ಷಕ ಅರ್ಹತೆ ಬೇಕು. ಜಪಾನಿನಲ್ಲಿ 12 ವರ್ಷ ಇಂಗ್ಲಿಷ್ ಮಾಧ್ಯಮದಲ್ಲಿ ಓದಿದ್ದಕ್ಕೆ ದಾಖಲೆ ಕೇಳುತ್ತಾರೆ, ಅಲ್ಲಿ ಮಾತ್ರ ಅವಳ ಕನ್ನಡ ಶಾಲೆ ನಿಜವಾಗಿಯೂ ಅಡ್ಡ ಬರುತ್ತದೆ. ಅದನ್ನೂ ಹೇಳಿದೆ. ಥಾಯ್ಲೆಂಡಿನಲ್ಲಿ ಅಷ್ಟು ಬಿಗಿ ಇಲ್ಲ. ಡಿಗ್ರಿ ಇರಬೇಕು, ನಮ್ಮಂಥವರಿಗೆ ಐಇಎಲ್‌ಟಿಎಸ್ ಅಥವಾ ಟೋಯಿಕ್ ಎಂಬ ಇಂಗ್ಲಿಷ್ ಪರೀಕ್ಷೆಯ ಅಂಕ ಕೇಳುವುದು ವಾಡಿಕೆ. ಹೋಗುವುದು ಕೆಲಸದ ವೀಸಾದಲ್ಲಿ, ವರ್ಕ್ ಪರ್ಮಿಟ್ ಬೇಕೇ ಬೇಕು. ಟೂರಿಸ್ಟ್ ವೀಸಾದಲ್ಲಿ ಪಾಠ ಮಾಡಿದರೆ ಅದು ಅಪರಾಧ. ಸಿಕ್ಕಿಬಿದ್ದಾಗ ಏಜೆಂಟ್ ಫೋನ್ ಎತ್ತುವುದಿಲ್ಲ, ಹುಡುಗಿ ಒಬ್ಬಳೇ ಅನುಭವಿಸಬೇಕು.

ಟೆಫ್ಲ್ ಸುಳ್ಳಲ್ಲ. ಆದರೆ ವಿಡಿಯೊ ನೋಡಿ ಮುಗಿಸುವ ಕೋರ್ಸಿಗೂ ಕೇಂಬ್ರಿಡ್ಜ್‌ನ ಸೆಲ್ಟಾ ಎಂಬ ಇಂಗ್ಲಿಷ್ ಶಿಕ್ಷಕರ ತರಬೇತಿಗೂ ತುಂಬ ವ್ಯತ್ಯಾಸ ಇದೆ. ಸೆಲ್ಟಾದಲ್ಲಿ ನಿಜವಾದ ವಿದ್ಯಾರ್ಥಿಗಳ ಎದುರು 6 ಗಂಟೆ ಪಾಠ ಮಾಡಬೇಕು, ಅದನ್ನು ಕೂತು ನೋಡಿ ಅಳೆಯುತ್ತಾರೆ. ಖರ್ಚು ಜಾಸ್ತಿ, ಹಾಗಾಗಿ ಈಗಲೇ ಅದಕ್ಕೆ ಕೈ ಹಾಕಬೇಡ ಅಂದೆ.

ನಾನು ಕೊಟ್ಟ ಸಲಹೆ ಇದು. ಮೊದಲು ಬಿಎಡ್, ಎರಡು ವರ್ಷ. ಆಮೇಲೆ ಇಲ್ಲೇ ಒಂದು ಶಾಲೆಯಲ್ಲಿ ಎರಡು ವರ್ಷ ಪಾಠ. ಗಲ್ಫ್‌ನ ಭಾರತೀಯ ಸಿಲಬಸ್ ಶಾಲೆಗಳು ಕೇಳುವುದು ಸಾಮಾನ್ಯವಾಗಿ ಇದನ್ನೇ, ಮತ್ತು ನಮ್ಮ ಜಿಲ್ಲೆಯವರಿಗೆ ಅಲ್ಲಿ ವಿಚಾರಿಸಿ ಹೇಳಲು ಯಾರಾದರೂ ಇದ್ದೇ ಇರುತ್ತಾರೆ. ಐಇಎಲ್‌ಟಿಎಸ್ ಅಂಕ ಎರಡೇ ವರ್ಷ ಚಲಾವಣೆ, ಅದಕ್ಕೆ ಹೋಗುವ ಹೊತ್ತಿಗೆ ಬರೆದರೆ ಸಾಕು. ಡಿಗ್ರಿ ದೃಢೀಕರಣಕ್ಕೆ ಕೋಝಿಕ್ಕೋಡಿನಲ್ಲಿ ನೋರ್ಕಾ, ಅಂದರೆ ಅನಿವಾಸಿಗಳ ವಿಷಯ ನೋಡುವ ಕೇರಳ ಸರಕಾರದ ಕಚೇರಿ ಇದೆ, ಪೊಲೀಸ್ ಕ್ಲಿಯರೆನ್ಸ್ ಪಾಸ್‌ಪೋರ್ಟ್ ಸೇವೆಯಲ್ಲೇ ಸಿಗುತ್ತದೆ. ಇವಕ್ಕೆ ಮಧ್ಯವರ್ತಿಯೇ ಬೇಡ.

ಅಮ್ಮನ ಕಡೆ ತಿರುಗಿ ಇನ್ನೊಂದು ಮಾತು ಹೇಳಿದೆ. ವಿದೇಶಕ್ಕೆ ಕಳಿಸುವ ಏಜೆಂಟ್‌ಗೆ ಸರಕಾರದ ಲೈಸೆನ್ಸ್ ಇರಬೇಕು, ಅದರ ನಂಬರನ್ನು ಕೇಂದ್ರ ಸರಕಾರದ ಇ-ಮೈಗ್ರೇಟ್ ಜಾಲತಾಣದಲ್ಲಿ ನೋಡಬಹುದು. ಅವರು ತೆಗೆದುಕೊಳ್ಳಬಹುದಾದ ಸೇವಾ ಶುಲ್ಕ 30 ಸಾವಿರ, ಮೇಲೆ ಜಿಎಸ್‌ಟಿ, ಅಷ್ಟೇ. ಅಮ್ಮ ಬೆರಳಲ್ಲಿ ಲೆಕ್ಕ ಹಾಕಿ, "ಹಾಗಾದರೆ ಉಳಿದ ಒಂದೂವರೆ ಲಕ್ಷ ಯಾವುದಕ್ಕೆ?" ಅಂದರು. ಅದನ್ನೇ ಅವರಲ್ಲಿ ಕೇಳಿ, ಲೈಸೆನ್ಸ್ ನಂಬರ್ ಕೂಡ ಕೇಳಿ ಅಂದೆ.

ಕೇಳಿದರಂತೆ. ನಂಬರ್ ಬರಲಿಲ್ಲ, ಏಜೆಂಟರ ಫೋನೂ ಮತ್ತೆ ಬರಲಿಲ್ಲ.

ಮೂರನೇ ಸಲ ಅವಳು ಒಬ್ಬಳೇ ಬಂದಳು. ಬಿಎಡ್‌ಗೆ ಅರ್ಜಿ ಹಾಕಿದ್ದಾಳೆ. ಅದರಲ್ಲಿ ಹತ್ತನೆಯ ತರಗತಿಯ ಮಾಧ್ಯಮ ಬರೆಯುವ ಜಾಗದಲ್ಲಿ ಕನ್ನಡ ಅಂತ ಬರೆಯುವಾಗ ಈ ಸಲ ಕೈ ತಡೆಯಲಿಲ್ಲ ಅಂದಳು.